ಕಾಯಕದ ಆಯ್ಕೆ: ಯುವಜನರು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಶ್ರೀಮಠಕ್ಕೆ ಆಗಮಿಸುವ ತಂದೆ-ತಾಯಂದಿರ ಅರಿಕೆ ಬಹುಮಟ್ಟಿಗೆ ಒಂದೇ: ಮಗನಿಗೆ ಇಂಜಿನಿಯರಿಂಗ್ ಸೀಟು ದೊರೆಯಬೇಕು, ಮಗಳಿಗೆ ವೈದ್ಯಕೀಯ ಸೀಟು ದೊರೆಯಬೇಕು. ಅದಕ್ಕಾಗಿ ಹೊಲವನ್ನು ಅಡವಿಡಲು ಸಿದ್ಧರಾದವರೂ ಉಂಟು. ಮಕ್ಕಳ ಮೇಲಿನ ಈ ಮಮತೆ ದೊಡ್ಡದು. ಆದರೆ ಮಕ್ಕಳ ಒಲವು ಯಾವ ಕಡೆಗಿದೆ ಎಂಬ ಮಾತು ಅಲ್ಲಿ ಕೇಳಿಬರುವುದು ಅಪರೂಪ.

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡುತ್ತಿದ್ದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸುತ್ತಿದ್ದರು, ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಿದ್ದರು. ಶರಣ ಸಮೂಹದಲ್ಲಿ ಇವರೆಲ್ಲರಿಗೂ ಸಮಾನ ಗೌರವವಿತ್ತು. ವೃತ್ತಿಯಿಂದ ವ್ಯಕ್ತಿಯನ್ನು ಅಳೆಯಬಾರದೆಂಬುದೇ ಕಾಯಕ ತತ್ತ್ವದ ತಿರುಳು. ಅಂದು ಬಹುಪಾಲು ಜನರಿಗೆ ವೃತ್ತಿ ಹುಟ್ಟಿನಿಂದಲೇ ಬರುತ್ತಿತ್ತು. ಇಂದಿನ ಯುವಕ ಯುವತಿಯರಿಗೆ ಆಯ್ಕೆಯ ಅವಕಾಶವಿದೆ. ಆ ಅವಕಾಶವನ್ನು ವಿವೇಕದಿಂದ ಬಳಸಲು ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳುವುದು ಒಳಿತು.

ಮೊದಲನೆಯದು: ಈ ಕೆಲಸ ನನಗೆ ಒಗ್ಗುತ್ತದೆಯೇ? ಇದಕ್ಕೆ ಉತ್ತರ ಅಂಕಪಟ್ಟಿಯಲ್ಲಿ ಪೂರ್ಣವಾಗಿ ಸಿಗುವುದಿಲ್ಲ. ರಜೆಯಲ್ಲಿ ಆ ವೃತ್ತಿಯವರೊಡನೆ ಕೆಲವು ದಿನ ಕಳೆದು, ಅವರ ದುಡಿಮೆಯ ಬೇಸರವನ್ನೂ ಸಂತೋಷವನ್ನೂ ಹತ್ತಿರದಿಂದ ಕಾಣಬೇಕು. ಬೇಸರದ ಭಾಗವನ್ನು ಕಂಡ ಮೇಲೂ ಮನಸ್ಸು ಅಲ್ಲಿಯೇ ನಿಂತರೆ ಅದು ನಿಜವಾದ ಒಲವು.

ಎರಡನೆಯದು: ಇದರಿಂದ ಜೀವನ ಸಾಗುತ್ತದೆಯೇ? ಓದಿನ ಒಟ್ಟು ಖರ್ಚು, ತಗಲುವ ವರ್ಷಗಳು, ಆರಂಭದ ಸಂಬಳ ಇವನ್ನು ಮನೆಮಂದಿ ಕುಳಿತು ಲೆಕ್ಕ ಹಾಕಬೇಕು. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದ ಬಳಿಕ ಆರಂಭವಾದರೂ ಬಡ್ಡಿ ಮೊದಲೇ ಬೆಳೆಯತೊಡಗುತ್ತದೆ. ದಾರಿಯೂ ಒಂದೇ ಅಲ್ಲ. ಎಸ್‌ಎಸ್‌ಎಲ್‌ಸಿ ನಂತರ 3 ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ 2ನೆಯ ವರ್ಷಕ್ಕೆ ಸೇರಬಹುದು. ಐಟಿಐ ಕಲಿತವರು ಅಪ್ರೆಂಟಿಸ್ ಆಗಿ ಭತ್ಯೆ ಪಡೆಯುತ್ತಲೇ ಕುಶಲತೆ ಗಳಿಸಬಹುದು. ಪಿಯುಸಿಯಲ್ಲಿ ಯಾವುದೇ ವಿಭಾಗದಲ್ಲಿ ತೇರ್ಗಡೆಯಾದವರು ಸಿಎ ಫೌಂಡೇಶನ್ ಪರೀಕ್ಷೆ ಬರೆಯಬಹುದು. ಒಂದು ಸೀಟು ಕೈತಪ್ಪಿದ ಮಾತ್ರಕ್ಕೆ ಬದುಕು ಕೈತಪ್ಪುವುದಿಲ್ಲ ಎಂಬುದನ್ನು ಮಕ್ಕಳಿಗೆ ಮನೆಯಲ್ಲಿಯೇ ಮನವರಿಕೆ ಮಾಡಿಕೊಡಬೇಕು.

ಮೂರನೆಯದು: ಈ ಗಳಿಕೆ ಶುದ್ಧವೇ, ಇದರಲ್ಲಿ ಸಮಾಜಕ್ಕೆ ಪಾಲುಂಟೇ? ಆಯ್ದಕ್ಕಿ ಮಾರಯ್ಯನವರು ಒಮ್ಮೆ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಸಂಪಾದನೆಗೆ ಮಿತಿಯೂ ದಾಸೋಹವೂ ಸೇರಿದಾಗಲೇ ಉದ್ಯೋಗವು ಕಾಯಕವಾಗುತ್ತದೆ.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ವೇದಿಕೆಯ ಮೇಲೆ ಎಲ್ಲ ಕಾಯಕಗಳೂ ಸಮಾನವೆಂದು ಕೊಂಡಾಡುವ ನಾವು, ಮನೆಯ ಮಗಳಿಗೆ ವರನನ್ನು ನೋಡುವಾಗ ಒಕ್ಕಲುತನ ಮಾಡುವ ಹುಡುಗನನ್ನು, ಎಲೆಕ್ಟ್ರಿಷಿಯನ್ ಹುಡುಗನನ್ನು ವಿಚಾರಿಸದೆಯೇ ಬಿಟ್ಟುಬಿಡುತ್ತೇವೆ. ಮಕ್ಕಳು ನಮ್ಮ ಉಪದೇಶವನ್ನಲ್ಲ, ಈ ನಡೆಯನ್ನು ನೋಡಿ ಕಲಿಯುತ್ತಾರೆ. ಮನಸ್ಸಿಗೆ ಒಲಿದ ಕೆಲಸವನ್ನು ಅವರು ನಿರ್ಭಯವಾಗಿ ಆರಿಸಿಕೊಳ್ಳಬೇಕಾದರೆ, ಆ ಕೆಲಸಕ್ಕೆ ನಮ್ಮ ಮನೆಗಳಲ್ಲಿ ಮೊದಲು ಮರ್ಯಾದೆ ಸಿಗಬೇಕು.