ಪರಿಸರ ಸಮಸ್ಯೆಗಳು ಮತ್ತು ಭಾವೀ ಉಪಾಧ್ಯಾಯರ ಮನೋಭಾವ

ಉಪಾಧ್ಯಾಯ ವೃತ್ತಿಗೆ ಸಿದ್ಧರಾಗುತ್ತಿರುವ ಶಿಕ್ಷಣಾರ್ಥಿಗಳು ಪರಿಸರದ ಸಮಸ್ಯೆಗಳ ವಿಷಯದಲ್ಲಿ ಎಂತಹ ಮನೋಭಾವವನ್ನು ತಳೆದಿದ್ದಾರೆ ಎಂಬುದು ಶಿಕ್ಷಣಶಾಸ್ತ್ರದ ವಿದ್ವಾಂಸರು ಮತ್ತೆ ಮತ್ತೆ ಎತ್ತಿಕೊಳ್ಳುವ ಪ್ರಶ್ನೆ. ಇದು ಅಕಾರಣವಾದುದಲ್ಲ. 1977ರಲ್ಲಿ ಟಿಬಿಲಿಸಿಯಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ಪರಿಸರ ಶಿಕ್ಷಣದ ಗುರಿಗಳನ್ನು ಎಣಿಸುವಾಗ ಅರಿವು, ಜ್ಞಾನಗಳೊಡನೆ ಮನೋಭಾವವನ್ನೂ ಹೆಸರಿಸಿತು. ನಮ್ಮಲ್ಲಿ 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ, ಪರಿಸರವು ಶಾಲಾ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಬೇಕೆಂದು ವಿಧಿಸಿತು. ವಿಧಿಸಿದುದನ್ನು ಕಲಿಸಬೇಕಾದವರು ಉಪಾಧ್ಯಾಯರೇ ಅಲ್ಲವೆ?

ಮನೋಭಾವವನ್ನು ಅಳೆಯುವ ಕ್ರಮ ಸರಳವಾದುದು. 1932ರಲ್ಲಿ ರೆನ್ಸಿಸ್ ಲಿಕರ್ಟ್ ರೂಪಿಸಿದ ಪದ್ಧತಿಯಂತೆ ಒಂದು ಹೇಳಿಕೆಯನ್ನು ಮುಂದಿಟ್ಟು, ‘ಪೂರ್ಣವಾಗಿ ಒಪ್ಪುತ್ತೇನೆ’ ಎಂಬುದರಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬುದರವರೆಗಿನ ಐದು ಮೆಟ್ಟಿಲುಗಳಲ್ಲಿ ಒಂದನ್ನು ಗುರುತಿಸಲು ಹೇಳುತ್ತಾರೆ, ಅಂಕಗಳನ್ನು ಕೂಡಿಸುತ್ತಾರೆ. ಡನ್‌ಲ್ಯಾಪ್ ಮತ್ತು ವ್ಯಾನ್ ಲಿಯರ್ 1978ರಲ್ಲಿ ಪ್ರಕಟಿಸಿದ 12 ಹೇಳಿಕೆಗಳ ಮಾಪಕವೂ, 2000ರಲ್ಲಿ ಅದು ಪರಿಷ್ಕೃತವಾಗಿ ಬಂದ 15 ಹೇಳಿಕೆಗಳ ರೂಪವೂ ಈ ಜಾತಿಯವೇ.

ತೊಡಕಿರುವುದು ಇಲ್ಲಿಯೇ. ಕಾಡುಗಳನ್ನು ಉಳಿಸಬೇಕೆಂಬ ಮಾತನ್ನು ಒಪ್ಪದ ಶಿಕ್ಷಣಾರ್ಥಿ ಯಾರಿದ್ದಾನು? ಪರೀಕ್ಷೆಗಳಲ್ಲಿಯೇ ಬೆಳೆದವನಿಗೆ ಸರಿಯುತ್ತರದ ವಾಸನೆ ಬಲುಬೇಗ ಹತ್ತುತ್ತದೆ. ಆಡುವ ಮಾತಿಗೂ ಮಾಡುವ ಕೆಲಸಕ್ಕೂ ನಡುವಣ ಅಂತರವನ್ನು ರಿಚರ್ಡ್ ಲಾಪಿಯರ್ 1934ರಷ್ಟು ಹಿಂದೆಯೇ ತೋರಿಸಿದ್ದನು. ಚೀನೀ ದಂಪತಿಗಳೊಡನೆ ಅವನು ಅಮೆರಿಕದಲ್ಲಿ ಪ್ರವಾಸ ಮಾಡಿದಾಗ 251 ವಸತಿಗೃಹ, ಉಪಾಹಾರಗೃಹಗಳ ಪೈಕಿ ಒಂದು ಮಾತ್ರ ಅವರನ್ನು ಹೊರಗೆ ಕಳಿಸಿತು. ಬಳಿಕ ಅಂಚೆಯಲ್ಲಿ ಕೇಳಿದಾಗ, ಉತ್ತರ ಬರೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕವರು ಚೀನೀಯರಿಗೆ ಎಡೆ ಕೊಡುವುದಿಲ್ಲವೆಂದರು. ಅಲ್ಲಿ ನಡತೆ ಮಾತಿಗಿಂತ ಮೇಲಾಗಿದ್ದಿತು. ಪರಿಸರದ ವಿಷಯದಲ್ಲಿ ಇದು ತಿರುಗುಮುರುಗಾಗುವುದೇ ಹೆಚ್ಚೆಂದು ನನ್ನ ಶಂಕೆ.

ಮುಂಬಯಿಯಲ್ಲಿ ನೆಲೆಸಿದ ನಮಗೆ ಇನ್ನೊಂದು ತೊಡಕೂ ಕಣ್ಣಿಗೆ ಬೀಳುತ್ತದೆ. ಮರಾಠಿಯಲ್ಲಿ ‘ಪರ್ಯಾವರಣ’ ಬೇರೆ, ‘ಪರಿಸರ’ ಬೇರೆ. ಮೊದಲನೆಯದು ಶಾಸ್ತ್ರದ ಮಾತು. ಎರಡನೆಯದು ನಾವು ವಾಸಿಸುವ ಸುತ್ತುಮುತ್ತಲು. ಕನ್ನಡದಲ್ಲಿ ಎರಡನ್ನೂ ‘ಪರಿಸರ’ವೊಂದೇ ಹೊರುತ್ತದೆ. ಇದರಿಂದ, ಕನ್ನಡದ ಪ್ರಶ್ನಾವಳಿಯಲ್ಲಿ ಪರಿಸರದ ಕೇಡನ್ನು ಕುರಿತು ಕೇಳಿದರೆ ಒಬ್ಬನು ಓಝೋನ್ ಪದರವನ್ನು ನೆನೆಯಬಹುದು, ಮತ್ತೊಬ್ಬನು ಮನೆಯ ಹಿಂದಣ ನಾಲೆಯನ್ನು. ಇಬ್ಬರಿಗೂ ಅಂಕ ಅದೇ.

ನಾಲೆಯ ಮಾತು ಬಂದುದರಿಂದ ಮೀಠಿ ನದಿಯನ್ನೇ ನೋಡೋಣ. ವಿಹಾರ, ಪವಯಿ ಕೆರೆಗಳ ಕೋಡಿಯ ನೀರನ್ನು ಹೊತ್ತು, ಸುಮಾರು 18 ಕಿಲೋಮೀಟರು ಹರಿದು, ಮಾಹೀಮಿನಲ್ಲಿ ಕಡಲು ಸೇರುವ ಇದನ್ನು ನದಿಯೆಂದು ಬಲ್ಲವರು ವಿರಳವಾಗಿದ್ದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿದಾಗ ಅದು ತಾನು ನದಿಯೆಂದು ತಿಳಿಯಪಡಿಸಿತು. ಪಾತ್ರವು ಕಿರಿದಾಗಿದ್ದಿತು, ಕಾಂಡ್ಲಾ ಗಿಡಗಳ ಜೌಗುನೆಲವನ್ನು ತುಂಬಿ ಕಟ್ಟಡಗಳನ್ನು ಎಬ್ಬಿಸಲಾಗಿದ್ದಿತು, ಉಳಿದೆಡೆಯಲ್ಲಿ ಕಸ ಕಟ್ಟಿಕೊಂಡಿದ್ದಿತು.

ಈಗ ‘ನದಿಯ ದಡದ ಒತ್ತುವರಿಯನ್ನೆಲ್ಲ ತೆರವು ಮಾಡಬೇಕು’ ಎಂಬ ಹೇಳಿಕೆಯನ್ನು ಇಬ್ಬರು ಶಿಕ್ಷಣಾರ್ಥಿಗಳ ಮುಂದಿಡೋಣ. ಒಬ್ಬನು ತಡೆಯಿಲ್ಲದೆ ಐದನ್ನು ಗುರುತಿಸುತ್ತಾನೆ. ಇನ್ನೊಬ್ಬನು ಅಭ್ಯಾಸಪಾಠಕ್ಕೆಂದು ಹೋದ ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳ ಮನೆಗಳೇ ಆ ದಡದಲ್ಲಿರುವುದನ್ನು ಬಲ್ಲನು. ಜೌಗುನೆಲವನ್ನು ತುಂಬಿದವರು ಆ ಮಕ್ಕಳ ತಂದೆತಾಯಿಗಳಷ್ಟೇ ಅಲ್ಲವೆಂಬುದನ್ನೂ ಬಲ್ಲನು. ಅವನು ಬಹಳ ಹೊತ್ತು ಯೋಚಿಸಿ ಮೂರನ್ನು ಗುರುತಿಸುತ್ತಾನೆ. ಮಾಪಕದ ಲೆಕ್ಕದಲ್ಲಿ ಇವನದು ದುರ್ಬಲ ಮನೋಭಾವ. ಹೆಚ್ಚು ತಿಳಿದುದಕ್ಕಾಗಿ ಅಂಕ ಕಳೆದುಕೊಂಡವನನ್ನು ‘ಪರಿಸರಪ್ರಜ್ಞೆ ಸಾಲದವನು’ ಎಂದು ಕೋಷ್ಟಕದಲ್ಲಿ ಬರೆಯುವುದು ಅನ್ಯಾಯವೆಂದು ನನಗೆ ತೋರುತ್ತದೆ.

ಆದುದರಿಂದ ಪ್ರಶ್ನಾವಳಿಯ ಪಕ್ಕದಲ್ಲಿ ಶಿಕ್ಷಣಾರ್ಥಿಯ ಪಾಠಯೋಜನೆಯ ಪುಸ್ತಕವನ್ನೂ ಇರಿಸಿಕೊಳ್ಳುವುದು ಒಳಿತು. ಆ ಮಕ್ಕಳನ್ನು ಅವನು ಯಾವ ಸೇತುವೆಯ ಬಳಿಗೆ ಕರೆದೊಯ್ದನು, ಅಲ್ಲಿ ಏನನ್ನು ಕೇಳಿದನು, ಅವರು ಹೇಳಿದುದರಲ್ಲಿ ಯಾವುದನ್ನು ಬರೆದುಕೊಂಡನು ಎಂಬುದು ಅದರಲ್ಲಿ ಇರುತ್ತದೆ.