ಬಿಡುಗಡೆಯಾದವನಿಗೆ ಯಂತ್ರ ಕೊಡುವ ಅಂಕ

ಖಾನಾಪುರದ ನಮ್ಮ ಓಣಿಯಲ್ಲಿ ಕಾಕಾ ಒಬ್ಬರಿದ್ದಾರೆ. ಬೆಳಗಾವಿಯ ಹಿಂಡಲಗಾ ಜೇಲಿನಿಂದ ಬಿಡುಗಡೆಯಾಗಿ ಬಂದು ಇಟ್ಟಂಗಿ ಭಟ್ಟಿಯಲ್ಲಿ ದುಡಿಯುತ್ತಾರೆ. ಊರಲ್ಲಿ ಎಲ್ಲಿಯೇ ಕಳವಾಗಲಿ, ಮೊದಲು ಕರೆ ಬರುವುದು ಅವರಿಗೇ. ಅಮೇರಿಕೆಯಲ್ಲಿ ಈ ಸಂಶಯಪಡುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದ್ದಾರೆಂದು ಓದಿದಾಗ ನನಗೆ ಅವರ ನೆನಪಾಯಿತು.

ಇದರ ರೀತಿ ಹೀಗೆ. ಹಿಂದೆ ಬಿಡುಗಡೆಯಾದ ಸಾವಿರಾರು ಜನರ ವಯಸ್ಸು, ಹಳೆಯ ಖಟ್ಲೆ, ಉದ್ಯೋಗ ಮೊದಲಾದ ವಿವರಗಳನ್ನೂ, ಅವರಲ್ಲಿ ಯಾರು ಮತ್ತೆ ಸಿಕ್ಕಿಬಿದ್ದರೆಂಬುದನ್ನೂ ಕೂಡಿಹಾಕುತ್ತಾರೆ. ಯಾವುದಕ್ಕೆ ಎಷ್ಟು ತೂಕವೆಂದು ಲೆಕ್ಕ ಹಾಕಿ ಹೊಸಬನಿಗೊಂದು ಅಂಕ ಕೊಡುತ್ತಾರೆ. ‘ಕಾಂಪಾಸ್’ ಎಂಬ ಪ್ರೋಗ್ರಾಮಿನಲ್ಲಿ 137 ಪ್ರಶ್ನೆಗಳಿದ್ದು, ಅಂಕ 1ರಿಂದ 10ರವರೆಗೆ.

2016ರಲ್ಲಿ ‘ಪ್ರೊಪಬ್ಲಿಕಾ’ ಎಂಬ ಪತ್ರಿಕಾಸಂಸ್ಥೆ ಫ್ಲೋರಿಡಾದ 7,000ಕ್ಕೂ ಹೆಚ್ಚು ಜನರ ಅಂಕಗಳನ್ನು ತಾಳೆ ನೋಡಿತು. ಎರಡು ವರ್ಷ ಮತ್ತೆ ಸಿಕ್ಕಿಬೀಳದೆ ಇದ್ದ ಕಪ್ಪುಜನರಲ್ಲಿ ನೂರಕ್ಕೆ 45 ಮಂದಿಗೆ ಅಪಾಯಕಾರಿಗಳೆಂಬ ಹಣೆಪಟ್ಟಿ ಬಿದ್ದಿತ್ತು. ಬಿಳಿಯರಲ್ಲಿ 23 ಮಂದಿಗೆ. ಕಂಪನಿಯವರ ಉತ್ತರವೂ ಸುಳ್ಳಲ್ಲ: ಒಂದೇ ಅಂಕ ಪಡೆದವರು, ಕಪ್ಪಾಗಲಿ ಬಿಳಿಯಾಗಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮತ್ತೆ ಸಿಕ್ಕಿಬಿದ್ದಿದ್ದರು. ಎರಡೂ ನಿಜವಾಗುವುದೆಂತು? ಒಂದು ಗುಂಪಿನವರು ಹೆಚ್ಚು ಸಿಕ್ಕಿಬೀಳುತ್ತಿದ್ದರೆ ಆ ಗುಂಪಿನಲ್ಲಿ ಮೇಲಿನ ಅಂಕ ಪಡೆಯುವವರೂ ಹೆಚ್ಚು. ಅವರ ಜೊತೆಗೆ ನೆಟ್ಟಗೆ ಬಾಳುವವರೂ ಆ ಸಾಲಿಗೆ ಸೇರಿಬಿಡುತ್ತಾರೆ. ಇಷ್ಟು ತಿಳಿಯಲು ನನಗೆ ಮೂರು ದಿನ ಹಿಡಿಯಿತು. ಗಣಿತದಲ್ಲಿ ನಾನು ಮೊದಲಿನಿಂದಲೂ ಹಿಂದೆ.

ಆದರೆ ಸಿಕ್ಕಿಬೀಳುವುದೂ ತಪ್ಪು ಮಾಡುವುದೂ ಒಂದೇ ಅಲ್ಲ. ಯಂತ್ರಕ್ಕೆ ಕಾಣುವುದು ದಫ್ತರ ಮಾತ್ರ. ಕಾವಲು ಹೆಚ್ಚಿದ್ದಲ್ಲಿ ದಫ್ತರವೂ ದಪ್ಪ. ನಮ್ಮ ಸೀಮೆಗೆ ಇದು ಹೊಸತೇನಲ್ಲ. 1871ರ ‘ಅಪರಾಧಿ ಬುಡಕಟ್ಟು’ ಕಾನೂನು 1911ರಲ್ಲಿ ಮುಂಬಯಿ ಪ್ರಾಂತಕ್ಕೂ ಬಂದ ಮೇಲೆ, ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ಬರೆದುಕೊಂಡು, ಬಿಜಾಪುರ, ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟುಗಳಲ್ಲಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. ಯಂತ್ರವಿಲ್ಲದೆಯೇ ಭವಿಷ್ಯ ಬರೆದಾಗಿತ್ತು! ಆ ಕಾನೂನು 1952ರಲ್ಲಿ ರದ್ದಾಯಿತು. ಆದರೂ ಅಂಥ ಸಮುದಾಯದವರನ್ನು ಮನಬಂದಂತೆ ಬಂಧಿಸಕೂಡದೆಂದು 2024ರ ಅಕ್ಟೋಬರದಲ್ಲಿ ಸುಪ್ರೀಮ್ ಕೋರ್ಟು ಹೇಳಬೇಕಾಯಿತು.

2018ರಲ್ಲಿ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಸಂಶೋಧಕರು, ವಯಸ್ಸು ಮತ್ತು ಹಿಂದಿನ ಶಿಕ್ಷೆಗಳ ಸಂಖ್ಯೆ ಇವೆರಡರಿಂದಲೇ ಕಾಂಪಾಸಿನಷ್ಟು ಸರಿಯಾಗಿ ಊಹಿಸಬಹುದೆಂದು ತೋರಿಸಿದರು. ಕಾಕಾ ಅವರಿಗೆ ಐವತ್ತು ದಾಟಿದೆ. ಅದು ಅವರ ಪರ. ಹಳೆಯ ಶಿಕ್ಷೆ ವಿರುದ್ಧ. ಏಳು ಹಂಗಾಮು ಒಂದೇ ಭಟ್ಟಿಯಲ್ಲಿ ಇಟ್ಟಂಗಿ ಹೊತ್ತದ್ದನ್ನು ಬರೆದುಕೊಳ್ಳಲು ಯಾವ ದಫ್ತರದಲ್ಲಿಯೂ ಜಾಗವಿಲ್ಲ. ದೀಪಾವಳಿಯ ಮುಂದೆಯೂ ಅವರಿಗೆ ಕರೆ ಬಂದಿತ್ತು. ಕಳ್ಳ ಬೇರೆಯವನೆಂದು ಮರುದಿನ ತಿಳಿಯಿತು. ಎರಡು ದಿನದ ಕೂಲಿ ಹೋಯಿತು.