ಕಲ್ಪನೆಯ ಪ್ರಾಣಿಗೆ ಮೈಬಣ್ಣ ಕೊಡುವುದು ಹೇಗೆ?

ಕತೆ ಬರೆಯುವವರು, ಗೇಮ್ ಮಾಡಬೇಕೆನ್ನುವವರು, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಚಿತ್ರ ಬಿಡಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಹೊಸ ಪ್ರಾಣಿಯೊಂದನ್ನು ಬಿಡಿಸಿದಾಗ ಕೈಗೆ ಸಿಕ್ಕ ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬುತ್ತೇವೆ. ಒಂದೇ ಚಿತ್ರಕ್ಕೆ ಅಷ್ಟು ಸಾಕು. ಆದರೆ ಆ ಪ್ರಾಣಿ ಕತೆಯಲ್ಲಿ ಮರಿ ಹಾಕಿದರೆ ಮರಿ ಯಾವ ಬಣ್ಣದ್ದಿರಬೇಕು? ಇಲ್ಲಿಂದ ಸ್ಕೆಚ್ ಪೆನ್ನಿನ ಕೆಲಸ ಮುಗಿದು ದ್ವಿತೀಯ ಪಿಯುಸಿ ಜೀವಶಾಸ್ತ್ರದ ಕೆಲಸ ಶುರುವಾಗುತ್ತದೆ.

ಉದಾಹರಣೆಗೆ ಒಂದು ಪ್ರಾಣಿಯನ್ನು ನಾವೇ ಮಾಡೋಣ. ನಮ್ಮ ಜಿಲ್ಲೆಯ ಗುಂಡುಗಲ್ಲಿನ ಗುಡ್ಡಗಳಲ್ಲಿ ವಾಸ, ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಉದ್ದ ಬಾಲ. ಊರಿನ ನೆನಪಿಗೆ ಹೆಸರು ‘ಕಲ್ಲೂರಿ’. (ತಮಿಳಿನಲ್ಲಿ ಈ ಪದಕ್ಕೆ ಕಾಲೇಜು ಎಂದರ್ಥ. ಇರಲಿ, ಅದೂ ಹೊಂದುತ್ತದೆ.)

ಮೊದಲು ಮೂಲ ಬಣ್ಣ. ಬಕ್ರೀದ್ ಮುಂಚಿನ ಸಂತೆಯಲ್ಲಿ ಹೋತಗಳ ಬಣ್ಣ ಎಷ್ಟು ಎಣಿಸಿದರೂ, ಅವುಗಳ ಕೂದಲಿನಲ್ಲಿರುವುದು ಎರಡೇ ವರ್ಣದ್ರವ್ಯ. ಕಪ್ಪು-ಕಂದು ಕೊಡುವ ಯೂಮೆಲನಿನ್, ಕೆಂಪು-ಹಳದಿ ಕೊಡುವ ಫಿಯೋಮೆಲನಿನ್. ಎರಡೂ ಇಲ್ಲದಿದ್ದರೆ ಬಿಳಿ. ಹಸಿರು ವರ್ಣದ್ರವ್ಯ ಸಸ್ತನಿಗಳಿಗಿಲ್ಲ. ದಕ್ಷಿಣ ಅಮೆರಿಕದ ಸ್ಲಾತ್ ಹಸಿರಾಗಿ ಕಾಣುವುದು ಅದರ ಕೂದಲಿನಲ್ಲಿ ಬೆಳೆಯುವ ಪಾಚಿಯಿಂದ. ಆದ್ದರಿಂದ ಕಲ್ಲೂರಿಗೆ ಮಣ್ಣಿನ ಹಳದಿ ಮೈ, ಅದರ ಮೇಲೆ ಕಪ್ಪು ಚುಕ್ಕೆ.

ಪೂರ್ತಿ ಕಪ್ಪು ಕಲ್ಲೂರಿಯೂ ಬೇಕೆನ್ನಿ. ಇದಕ್ಕೆ ಕಬಿನಿ ಕಾಡಿನ ಕರಿಚಿರತೆ ಒಳ್ಳೆಯ ಮಾದರಿ. ಅದು ಬೇರೆ ಜಾತಿಯ ಪ್ರಾಣಿಯಲ್ಲ, ಮಾಮೂಲಿ ಚಿರತೆಯೇ. ಓರೆ ಬಿಸಿಲಿನಲ್ಲಿ ನೋಡಿದರೆ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ. ಕೂದಲಿಗೆ ‘ಈಗ ಹಳದಿ ಮಾಡು’ ಎಂದು ಹೇಳುವ ಅಗೌಟಿ ಎಂಬ ಜೀನ್ ಅದರಲ್ಲಿ ಕೆಟ್ಟಿದೆ. ಈ ಗುಣ ದುರ್ಬಲವಾದ್ದರಿಂದ ಕೆಟ್ಟ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದರೆ ಮಾತ್ರ ಮರಿ ಕಪ್ಪು. ತಂದೆ ತಾಯಿ ಇಬ್ಬರೂ ಚುಕ್ಕೆಯವರೇ ಆಗಿ, ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಅಡಗಿದ್ದರೆ, ಪ್ರತಿ ಮರಿ ಕಪ್ಪಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪನೆಟ್ ಚೌಕ ಹಾಕಿ ನೋಡಿ. ತಮಾಷೆಯೆಂದರೆ, ಅಮೆರಿಕ ಖಂಡದ ಜಾಗ್ವಾರ್ ಕಪ್ಪಾಗುವುದು ಬೇರೆಯೇ ಜೀನಿನಿಂದ, ಅಲ್ಲಿ ಅದು ಪ್ರಬಲ ಗುಣ. ನೋಟ ಒಂದೇ, ಲೆಕ್ಕ ಬೇರೆ. ಕತೆಗಾರರು ಯಾವ ಲೆಕ್ಕ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಚುಕ್ಕೆಗಳ ಜಾಗವನ್ನೂ ಮನಬಂದಂತೆ ಇಡಲಾಗದು. ಕಂಪ್ಯೂಟರ್ ವಿಜ್ಞಾನದಲ್ಲಿ ನಾವು ಹೆಸರು ಕೇಳುವ ಅಲನ್ ಟ್ಯೂರಿಂಗ್ 1952ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಬರೆದ. ಒಂದು ರಾಸಾಯನಿಕ ಪ್ರಚೋದಿಸುತ್ತಾ, ಇನ್ನೊಂದು ತಡೆಯುತ್ತಾ, ಎರಡೂ ಬೇರೆ ಬೇರೆ ವೇಗದಲ್ಲಿ ಹರಡಿದರೆ ಚುಕ್ಕೆ, ಪಟ್ಟೆ ತಾವಾಗಿಯೇ ಮೂಡಬಲ್ಲವು ಎಂದು ಗಣಿತದಿಂದ ತೋರಿಸಿದ. ಜಾಗ ಅಗಲವಿದ್ದರೆ ಚುಕ್ಕೆ, ಬಾಲದಂತೆ ಸಣ್ಣ ಕೊಳವೆಯಾದರೆ ಉಂಗುರ. ಅದಕ್ಕೇ ಪುನುಗು ಬೆಕ್ಕಿಗೆ ಮೈಯೆಲ್ಲ ಚುಕ್ಕೆ, ಬಾಲಕ್ಕೆ ಪಟ್ಟೆ. ಮೈಗೆ ಪಟ್ಟೆ, ಬಾಲಕ್ಕೆ ಚುಕ್ಕೆ ಇರುವ ಪ್ರಾಣಿಯನ್ನು ಈ ಲೆಕ್ಕ ಒಪ್ಪುವುದಿಲ್ಲ. ಕಲ್ಲೂರಿಯ ಬಾಲಕ್ಕೂ ಉಂಗುರವೇ ಇರಲಿ.

ಬಿಳಿ ಮಚ್ಚೆಯದು ಇನ್ನೊಂದು ಕತೆ. ಭ್ರೂಣದಲ್ಲಿ ಬಣ್ಣದ ಕೋಶಗಳು ಬೆನ್ನಿನ ಸಾಲಿನಲ್ಲಿ ಹುಟ್ಟಿ ಕೆಳಗೆ ಸಾಗುತ್ತವೆ. ದಾರಿಯಲ್ಲಿ ಕಡಿಮೆ ಬಿದ್ದರೆ ದೂರದ ಜಾಗಗಳು, ಅಂದರೆ ಹೊಟ್ಟೆ, ಪಾದ, ಹಣೆ, ಬಾಲದ ತುದಿ, ಬಿಳಿ ಉಳಿಯುತ್ತವೆ. ಬಿಳಿ ಕಾಲಿನ ನಾಯಿಗಳು ಬೀದಿಬೀದಿಗೆ ಸಿಗುವುದು ಅದಕ್ಕೇ. ಎಲ್ಲ ಕಡೆ ಹೀಗೇ ಎಂದೇನಿಲ್ಲ. ಬೀದರ್ ಕಡೆಯ ದೇವಣಿ ದನಗಳಲ್ಲಿ ಮೂರು ಬಗೆ: ಮುಖ ಮಾತ್ರ ಕಪ್ಪಿರುವ ವಾನ್ನೆರಾ, ಅಲ್ಲಲ್ಲಿ ಹಂಡಬಂಡ ಮಚ್ಚೆಯ ಶೆವೆರಾ, ಮೈಯ ಕೆಳಭಾಗದಲ್ಲೇ ಕಪ್ಪು ಮಚ್ಚೆ ಇರುವ ಬಾಲಂಕ್ಯಾ. ಆ ಬಾಲಂಕ್ಯಾ ನಾನು ಮೇಲೆ ಹೇಳಿದ್ದಕ್ಕೆ ತದ್ವಿರುದ್ಧ! ಇದೇ ಕೋಶಗಳು ಒಳಕಿವಿಗೂ ಬೇಕು. ಪೂರ್ತಿ ಬಿಳಿ ಮೈಯ ನೀಲಿ ಕಣ್ಣಿನ ಬೆಕ್ಕುಗಳಲ್ಲಿ ಕಿವುಡು ಹೆಚ್ಚು. ಚಂದಕ್ಕೆಂದು ಅಂಥ ಮರಿಯನ್ನೇ ಹುಡುಕಿ ಕೊಳ್ಳುವವರು ಇದನ್ನು ತಿಳಿದಿರಬೇಕು. ಕಲ್ಲೂರಿಗೆ ಬಿಳಿ ಪಾದ ಮಾತ್ರ ಸಾಕು. ಬಂಡೆಯ ಮೇಲಿನ ಪ್ರಾಣಿಗೆ ಹದ್ದಿನ ಸದ್ದು ಕೇಳಬೇಕು.

ಗಂಡು ಹೆಣ್ಣಿಗೆ ವ್ಯತ್ಯಾಸ ಬೇಕಾದರೆ ಮನೆ ಬೆಕ್ಕನ್ನು ನೋಡಿ. ಕೇಸರಿ ಬಣ್ಣದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಎರಡು ಎಕ್ಸ್ ಇರುವ ಹೆಣ್ಣಿನ ಒಂದೊಂದು ಕೋಶದಲ್ಲೂ ಒಂದು ಮುಚ್ಚಿಕೊಳ್ಳುವುದರಿಂದ ಕಪ್ಪು-ಕೇಸರಿ ತೇಪೆ ಮೂಡುತ್ತದೆ. ಅಂಥ ಗಂಡು ಬಲು ಅಪರೂಪ.

ಕೊನೆಗೆ, ಕತೆಯ ಗುಡ್ಡದಲ್ಲಿ ಒಟ್ಟು ಎಷ್ಟು ಕಲ್ಲೂರಿಗಳಿವೆ? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಒಡಿಶಾದ ಸಿಮ್ಲಿಪಾಲ್ ಕಾಡಿನಲ್ಲಿ ಕಪ್ಪು ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಕಾರಣವನ್ನು ಪ್ರಕಟಿಸಿತು: ಟ್ಯಾಕ್‌ಪೆಪ್ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಇದೂ ದುರ್ಬಲ ಗುಣವೇ. ಬೇರೆಡೆ ಕಾಣಲು ಕಷ್ಟವಾದ ಈ ರೂಪ ಆ ಅಧ್ಯಯನದ ಹೊತ್ತಿಗೆ ಅಲ್ಲಿ ಸುಮಾರು ಮೂರರಲ್ಲಿ ಒಂದು ಹುಲಿಗಿತ್ತು. ಹೊರಗಿನ ಹುಲಿಗಳ ಸಂಪರ್ಕ ತಪ್ಪಿ, ಕೆಲವೇ ಹುಲಿಗಳ ಸಂತಾನ ತಮ್ಮತಮ್ಮಲ್ಲೇ ಕೂಡುತ್ತಾ ಬಂದದ್ದರಿಂದ ಅಡಗಿದ್ದ ಪ್ರತಿಗಳು ಪದೇ ಪದೇ ಜೋಡಿಯಾದವು. ನೋಡಲು ಸುಂದರ, ಆದರೆ ಬಣ್ಣದ ಜೊತೆ ರೋಗ ತರುವ ಜೀನ್‌ಗಳೂ ಹೀಗೇ ಜೋಡಿಯಾಗಬಲ್ಲವು. ಅದಕ್ಕೇ 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಝೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಸಿಮ್ಲಿಪಾಲ್‌ಗೆ ತಂದು ಬಿಟ್ಟರು.

ನಿಮ್ಮ ಕತೆಯಲ್ಲಿ ಹತ್ತೇ ಕಲ್ಲೂರಿಗಳು ಒಂದು ಗುಡ್ಡದಲ್ಲಿ ಸಿಕ್ಕಿಕೊಂಡಿದ್ದರೆ ಐದಾರು ತಲೆಮಾರಿನೊಳಗೆ ಗುಡ್ಡದ ತುಂಬ ಕಪ್ಪು ಮರಿಗಳಾಗಬಹುದು, ಅಥವಾ ಕಪ್ಪು ಪೂರ್ತಿ ಅಳಿದೂ ಹೋಗಬಹುದು. ಪಕ್ಕದ ಗುಡ್ಡದಿಂದ ಒಂದು ಜೋಡಿ ದಾಟಿ ಬರಲು ದಾರಿ ಇಟ್ಟರೆ ಲೆಕ್ಕವೇ ಬದಲಾಗುತ್ತದೆ.